ಎರಡು ಬೆರಳಿನ ಎತ್ತರ

ಪರದೆಯನ್ನು ಎಳೆಯುವ ಮುನ್ನವೇ ಮಣ್ಣಿನ ಮೇಷ್ಟ್ರಿಗೆ ಸಾಕುಸಾಕಾಗಿತ್ತು. ಬೆಳಗಿನಿಂದ ಕಾಲ ಮೇಲೆ ನಿಂತವರು. ಎಡ ಮೊಣಕಾಲು ಆಗಲೇ ಮುನಿಸಿಕೊಂಡಿತ್ತು. ಹಜಾರದ ಗೋಡೆಗೆ ಬೆನ್ನನ್ನು ಆನಿಸಿ, ಒರೆಸುವ ಮೆತ್ತನೆಯ ಬಟ್ಟೆಯೊಂದನ್ನು ಹೆಗಲಿಗೇರಿಸಿಕೊಂಡು, ಬಾಗಿಲಿನಿಂದ ಒಬ್ಬೊಬ್ಬರಾಗಿ ಒಳಬರುತ್ತಿದ್ದ ನಲವತ್ತು ಮಂದಿ ಕಾರುಪ್ರಿಯರನ್ನು ಅವರು ನೋಡುತ್ತಿದ್ದರು. ಮಗನ ಫಲಿತಾಂಶದ ಹಲಗೆಯ ಮುಂದೆ, ಗುಂಪಿನ ಹಿಂದೆ, ತನಗೇನೂ ಆಗಬೇಕಾಗಿಲ್ಲವೆಂಬಂತೆ ನಿಂತ ತಂದೆಯ ನೋಟವದು.

ಕಾರು ತಯಾರಿಸುವ ಆ ಕಂಪನಿಯ ವಿನ್ಯಾಸಶಾಲೆಯಲ್ಲಿ ಅವರದು ಮೂವತ್ತೊಂದು ವರ್ಷದ ಕಸುಬು. ಕಾಗದದ ಮೇಲೆ ಹುಟ್ಟಿದ ಕಾರನ್ನು ಮೊದಲು ನಿಜವಾದ ಅಳತೆಯಲ್ಲಿ ಮಣ್ಣಿನಿಂದ ಕಟ್ಟಿ ನಿಲ್ಲಿಸುವುದು ಅವರ ಕೆಲಸ. ಕಂದು ಬಣ್ಣದ, ಮೇಣ ಬೆರೆತ, ಒಲೆಯಲ್ಲಿ ಬೆಚ್ಚಗಾದರೆ ಮಾತ್ರ ಬಗ್ಗುವ ಮಣ್ಣು ಅದು. ಎಷ್ಟು ಸಾಬೂನು ಹಚ್ಚಿ ತೊಳೆದರೂ ಅದರ ವಾಸನೆ ಅವರ ಬೆರಳುಗಳನ್ನು ಬಿಟ್ಟಿರಲಿಲ್ಲ. ಇದು ಏಳನೆಯ ಕಾರು. ಇನ್ನು ನಾಲ್ಕು ತಿಂಗಳಿಗೆ ನಿವೃತ್ತಿಯಾದ್ದರಿಂದ, ಕಡೆಯದೂ ಇದೇ.

ಹಿಂದಿನ ಆರು ಕಾರುಗಳಲ್ಲಿ ಮೇಷ್ಟ್ರು ತಮ್ಮದೆಂದು ಬೆರಳಿಟ್ಟು ತೋರಿಸಬಹುದಾದ ಒಂದು ಮಡಿಕೆಯೂ ಉಳಿದಿರಲಿಲ್ಲ. ಒಂದರಲ್ಲಿ ತಗಡು ಒತ್ತುವವರು ಆಗದೆಂದರು, ಇನ್ನೊಂದರಲ್ಲಿ ಮಾರುವವರು ಬೇಡವೆಂದರು, ಮಿಕ್ಕವುಗಳಲ್ಲಿ ಯಾರು ಏನೆಂದರೆಂಬುದು ಕೂಡ ಈಗ ನೆನಪಿಲ್ಲ. ಈ ಏಳನೆಯದರಲ್ಲಿ ಮಾತ್ರ ಒಂದು ಗೆರೆ ಇಲ್ಲಿಯವರೆಗೆ ಅಳಿಯದೆ ಬಂದಿತ್ತು. ಮುಂದಿನ ದೀಪದ ಅಂಚಿನಲ್ಲಿ ಕಂಡೂ ಕಾಣದಂತೆ ಹುಟ್ಟಿ, ಎರಡು ಬಾಗಿಲುಗಳ ಹಿಡಿಕೆಗಳ ಕೆಳಗೆ ಹರಿದು, ಹಿಂಚಕ್ರದ ಮೇಲೆ ತುಸು ಉಬ್ಬಿ, ಇಳಿದುಬರುವ ಚಾವಣಿಯನ್ನು ಬಾಲದ ಬಳಿ ಕೂಡಿಕೊಳ್ಳುವ ಗೆರೆ. ಮಣ್ಣಿನ ಕೋಣೆಯಲ್ಲಿ ಎಲ್ಲರೂ ಅದನ್ನು ಹೊಳೆ ಎಂದೂ, ಅದು ಚಾವಣಿಯೊಡನೆ ಸೇರುವ ಎಡೆಯನ್ನು ಸಂಗಮ ಎಂದೂ ಕರೆಯುತ್ತಿದ್ದರು. ಆ ಸಂಗಮಕ್ಕಾಗಿ ಮೇಷ್ಟ್ರು ಹದಿನಾಲ್ಕು ತಿಂಗಳು ಹೆಣಗಿದ್ದರು.

ತಗಡು ಒತ್ತುವ ಉಕ್ಕಿನ ಅಚ್ಚುಗಳನ್ನು ಕಡಿಯಲು ಇನ್ನು ಹನ್ನೊಂದು ದಿನವಿತ್ತು; ಆಮೇಲೆ ರೂಪವನ್ನು ಬದಲಿಸುವಂತಿರಲಿಲ್ಲ. ಕಂಪನಿಯ ಹಳೆಯ ಚಿಕ್ಕ ಸೆಡಾನನ್ನು ಮನೆಯ ಮಗುವಿನಂತೆ ಸಾಕಿಕೊಂಡವರ ಸಂಘದಿಂದ ನಲವತ್ತು ಜನರನ್ನು ಕರೆದು, ಅದರ ಹೊಸ ರೂಪವನ್ನು ತೋರಿಸಿ, ಅವರ ಬಾಯಿಂದ ಬಂದುದನ್ನು ಬರೆದುಕೊಂಡು, ಬದಲಿಸುವುದೇನಾದರೂ ಇದ್ದರೆ ಆ ಸಂಜೆಯೇ ತೀರ್ಮಾನಿಸಬೇಕೆಂದು ನಿಶ್ಚಯವಾಗಿತ್ತು. ಹೊಳೆ ಹರಿಯುವುದೋ ಬತ್ತುವುದೋ ಇಂದು ತಿಳಿಯುತ್ತದೆ.

ಪರದೆ ಸರಿಯಿತು. ಮಣ್ಣಿನ ಮಾದರಿಯಿಂದ ಅಚ್ಚು ತೆಗೆದು, ಗಟ್ಟಿ ಫೈಬರಿನಲ್ಲಿ ಎರಕ ಹೊಯ್ದು, ಕನ್ನಡಿಯಂತೆ ಹೊಳೆಯುವ ಕಪ್ಪು ಬಣ್ಣ ಬಳಿದ ಪ್ರತಿ ಅದು. ಗಾಜುಗಳೂ ಕಪ್ಪು. ಬಾಗಿಲುಗಳು ಬರಿಯ ಗೀರುಗಳು, ತೆರೆಯುವಂತಿರಲಿಲ್ಲ. ಪಕ್ಕದಲ್ಲಿ ಹೋಲಿಕೆಗೆಂದು ಹಳೆಯ ಕಾರೊಂದನ್ನು ತೊಳೆದು ನಿಲ್ಲಿಸಿದ್ದರು.

ನಲವತ್ತು ಜೊತೆ ಕಣ್ಣುಗಳು ಹಳೆಯದರಿಂದ ಹೊಸದಕ್ಕೂ ಹೊಸದರಿಂದ ಹಳೆಯದಕ್ಕೂ ಓಡಾಡಿದವು.

"ಅಯ್ಯೋ, ಇದರ ಮುಖಕ್ಕೇನಾಯ್ತ್ರೀ?" ಎಂದರು ಕೊನೆಗೆ, ಸಂಘದಲ್ಲಿ ಎಲ್ಲರೂ ಹಲ್ಲಿನ ಡಾಕ್ಟರೆಂದೇ ಕರೆಯುವ ದಂತವೈದ್ಯರು.

"ಅದನ್ನ ನೀವೇ ಹೇಳ್ಬೇಕು ಡಾಕ್ಟ್ರೇ. ನಿಮ್ಮ ಖಾತೆ ಅದು," ಎಂದು ಹಿಂದಿನಿಂದ ಯಾರೋ ಅಂದರು.

"ಹೇಳೋದೇನಿದೆ, ಮೂವತ್ತೆರಡನ್ನೂ ಹೊರಗೆ ಬಿಟ್ಕೊಂಡು ನಿಂತಿದೆ. ಈ ಗ್ರಿಲ್ಲಿಗೆ ತಂತಿ ಕಟ್ಟಿದ್ರೂ ಒಳಗೆ ಹೋಗೋ ಪೈಕಿ ಅಲ್ಲ. ಹಳೇದು ಪಾಪ, ಬಾಯಿ ಮುಚ್ಕೊಂಡು ನಗ್ತಿತ್ತು."

"ದೀಪ ನೋಡಿ, ದೀಪ! ನಿದ್ದೆಗೆಟ್ಟ ಕಣ್ಣು. ನಮ್ಮ ಮ್ಯಾನೇಜರು ಸೋಮವಾರ ಬೆಳಿಗ್ಗೆ ಹೀಗೇ ನೋಡೋದು."

"ಹಿಂದಿಂದ ನೋಡಿದ್ರೆ ಸಕತ್ತಾಗಿದೆ ಕಣ್ರೀ," ಎಂದಳು ಕಾರುಗಳ ವೀಡಿಯೊ ಮಾಡಿ ಹೆಸರಾಗಿದ್ದ ಯುವತಿ. ಮೊಬೈಲನ್ನು ಬಾಗಿಲಲ್ಲೇ ಕಿತ್ತಿಟ್ಟುಕೊಂಡಿದ್ದರಿಂದ ಅವಳ ಕೈಗಳಿಗೆ ಏನು ಮಾಡಬೇಕೆಂದು ತಿಳಿಯದಾಗಿತ್ತು. "ಮುಂದಿಂದ ನೋಡಿದ್ರೆ ಮಾತ್ರ ಯಾರೋ ಬೈದ ಹಾಗಾಗತ್ತೆ."

"ಹಾಗಿದ್ರೆ ರಿವರ್ಸಲ್ಲೇ ಓಡಿಸೋಣ ಬಿಡಮ್ಮ."

ನಗೆ ಎದ್ದಿತು. ಅದು ಅಡಗುವ ಮೊದಲೇ ಸಂಘದ ಅಧ್ಯಕ್ಷರು ಗಂಟಲು ಸರಿಪಡಿಸಿಕೊಂಡರು. ವಿದ್ಯುತ್ ಕಚೇರಿಯಲ್ಲಿ ಮೀಟರು ಪರೀಕ್ಷಿಸುವ ಕೆಲಸದವರು ಅವರು. ಹವಾಮಾನದಿಂದ ತೊಡಗಿದರೂ ಮಾತನ್ನು ಕೈಯಿಂದಲೇ ಹಾಕುವ ಹಳೆಯ ಬಗೆಯ ಗೇರಿಗೆ, ಅವರ ಬಾಯಲ್ಲಿ ಕೈಗೇರಿಗೆ, ತಂದು ನಿಲ್ಲಿಸುತ್ತಿದ್ದುದರಿಂದ ಗೇರಣ್ಣನೆಂದೇ ಪ್ರಸಿದ್ಧರು.

"ಮುಖ ಮೂತಿ ಎಲ್ಲಾ ಆಮೇಲೆ. ಕೈಗೇರು ಇದೆಯೋ ಇಲ್ಲವೋ, ಅದನ್ನ ಹೇಳಿ ಮೊದ್ಲು."

"ಎರಡೂ ಥರ ಇರತ್ತೆ ಸರ್," ಎಂದಳು ವಿನ್ಯಾಸ ವಿಭಾಗದ ಮುಖ್ಯಸ್ಥೆ.

"ಇರತ್ತೆ ಅಂತೀರಿ. ಆಮೇಲೆ ದುಬಾರಿ ಮಾಡೆಲ್ಲಿಗೆ ಮಾತ್ರ ಅಂತೀರಿ. ಕನಿಷ್ಠ ಬರೆದಾದ್ರೂ ಇಟ್ಕೊಳಿ, ನಾನು ಕೇಳಿದೆ ಅಂತ."

ಅವಳು ಬರೆದುಕೊಂಡಳು. ಹದಿನಾರು ವರ್ಷದ ಕೆಳಗೆ ಮಣ್ಣಿನ ಕೋಣೆಗೆ ತರಬೇತಿಗೆಂದು ಬಂದು, ಕೆರೆಯುವ ಉಳಿಯನ್ನು ಹಿಡಿಯುವುದನ್ನು ಮೇಷ್ಟ್ರಿಂದಲೇ ಕಲಿತವಳು. ಈಗ ಅವಳ ಕಣ್ಣುಗಳ ಕೆಳಗೂ ಕಪ್ಪು ಇಳಿದಿತ್ತು.

ಜನ ಕಾರಿನ ಸುತ್ತ ಹರಡಿಕೊಂಡರು. ತಟ್ಟಿದರು, ಬಗ್ಗಿ ನೋಡಿದರು, ದೂರ ಹೋಗಿ ಒಂದು ಕಣ್ಣು ಮುಚ್ಚಿ ನಿಂತರು. ಗ್ರಿಲ್ಲನ್ನು ಬೈದರು, ದೀಪವನ್ನು ಬೈದರು, ಚಕ್ರ ಚಿಕ್ಕದಾಯಿತೆಂದರು, ಚಕ್ರ ದೊಡ್ಡದಾಯಿತೆಂದೂ ಅಂದರು. ಈ ಮಾತುಗಳೆಲ್ಲ ಮೇಷ್ಟ್ರು ಹಿಂದಿನ ಆರು ಸಲವೂ ಕೇಳಿದ್ದವೇ. ಅವರ ಕಿವಿ ಒಂದೇ ಮಾತಿಗೆ ಕಾದಿತ್ತು. ಗೇರಣ್ಣ ಮುಂದಿನ ದೀಪದ ಬಳಿ ತೋರುಬೆರಳನ್ನು ಇಟ್ಟವರು, ಅದನ್ನೆತ್ತದೆ ಮೆಲ್ಲಮೆಲ್ಲನೆ ನಡೆದು ಬಾಲದವರೆಗೂ ಬಂದು ನಿಂತರು.

"ಈ ಗೆರೆ ಮಾತ್ರ ಯಾರು ಮಾಡಿದ್ರೋ ಪುಣ್ಯಾತ್ಮರು! ಬೆರಳು ಎಲ್ಲೂ ಎಡವಲಿಲ್ಲ ನೋಡಿ."

ಮೇಷ್ಟ್ರು ನೆಲವನ್ನು ನೋಡಿದರು. ನೆಲದಲ್ಲಿ ವಿಶೇಷವೇನೂ ಇರಲಿಲ್ಲ. ಆದರೂ ಬಹಳ ಹೊತ್ತು ನೋಡಿದರು.

ಮಧ್ಯಾಹ್ನ ಸಭೆಯ ಕೋಣೆಯಲ್ಲಿ ಮುಖ್ಯಸ್ಥೆ ನಲವತ್ತು ಜನರ ಮಾತನ್ನು ಒಂದೂವರೆ ಪುಟಕ್ಕೆ ಇಳಿಸಿ ಓದಿದಳು. ಗ್ರಿಲ್ಲಿನ ಬಾಯಿ ಚಿಕ್ಕದಾಗಬೇಕು. ದೀಪದ ರೆಪ್ಪೆ ಮೇಲೇಳಬೇಕು. ಪಕ್ಕದ ರೂಪಕ್ಕೆ ಮೂವತ್ತಾರು ಮಂದಿಯ ಮೆಚ್ಚುಗೆ; ಅದನ್ನು ಮುಟ್ಟುವ ಅಗತ್ಯವಿಲ್ಲ.

"ಹೊಳೆ ಉಳೀತು ಮೇಷ್ಟ್ರೇ," ಎಂದಳು, ಬೇರೆಯವರೆಲ್ಲ ಎದ್ದುಹೋದ ಮೇಲೆ. "ಐದೂವರೆಗೆ ಸಹಿ ಮಾಡಿ ಮೇಲಕ್ಕೆ ಕಳಿಸ್ತೀನಿ. ಇವತ್ತಾದ್ರೂ ಬೇಗ ಮನೆಗೆ ಹೋಗಿ."

"ಹೋಗ್ತೀನಮ್ಮ. ಒಂದು ಸಲ ಒರೆಸಿಟ್ಟು ಹೋಗ್ತೀನಿ."

"ಒರೆಸೋರು ಬೇರೆ ಇದ್ದಾರಲ್ಲ?"

"ಇದ್ದಾರೆ," ಎಂದು ಮೇಷ್ಟ್ರು ಎದ್ದರು. ಮೊಣಕಾಲು ಲಟಕ್ಕೆಂದಿತು.

ಸಂತೋಷವಾಗಬೇಕಿತ್ತು. ಆಗಿಯೂ ಇತ್ತು, ಆದರೆ ಬಹಳ ದೂರ ನಡೆದುಬಂದವನ ಮುಂದೆ ಊಟ ಬಡಿಸಿದಂತೆ. ಹಸಿವಿದೆ, ಕೈ ಏಳುತ್ತಿಲ್ಲ. ಹಜಾರಕ್ಕೆ ಬಂದು ಬಾಗಿಲು ಹಾಕಿಕೊಂಡು ಮೇಲಿನ ದೀಪಗಳನ್ನೆಲ್ಲ ಆರಿಸಿದರು. ಮೂಲೆಯಲ್ಲಿದ್ದ ಗಾಲಿಯ ದೀಪವನ್ನು ತಳ್ಳಿಕೊಂಡು ಬಂದು, ಅದರ ಕತ್ತನ್ನು ನೆಲಕ್ಕೆ ಬಗ್ಗಿಸಿ, ಬೆಳಕು ಕಾರಿನ ಮೈಯನ್ನು ಓರೆಯಾಗಿ ಸವರುವಂತೆ ಮಾಡಿದರು.

ಇದು ಅವರ ಗುರುಗಳಿಂದ ಬಂದ ಪಾಠ. ಆ ಹಿರಿಯರು ಮಣ್ಣಿನ ಕೋಣೆಯನ್ನು ಆಳುತ್ತಿದ್ದ ಕಾಲದಲ್ಲಿ, ನೋಡುವವರು ಬಂದುಹೋದ ಮೇಲೆ ಯಾರೂ ಬಟ್ಟೆ ಮುಟ್ಟುವಂತಿರಲಿಲ್ಲ. ಅವರು ದೀಪವನ್ನು ಬಗ್ಗಿಸಿ, ಕನ್ನಡಕವನ್ನು ಹಣೆಗೇರಿಸಿ, ಕಪ್ಪು ಮೈಯ ಮೇಲೆ ಮೂಡಿದ ಕೈಗುರುತುಗಳನ್ನು ತಾಳೆಯೋಲೆ ಓದುವವರಂತೆ ಓದುತ್ತಿದ್ದರು. "ಬಾಯಲ್ಲಿ ಅಂದಿದ್ದನ್ನ ಆಫೀಸಿನೋರು ಬರ್ಕೋತಾರೆ ಕಣಯ್ಯ. ಕೈಯಲ್ಲಿ ಅಂದಿದ್ದನ್ನ ನಾವಲ್ಲದೆ ಇನ್ಯಾರು ಓದ್ತಾರೆ?" ಎನ್ನುತ್ತಿದ್ದರು. ಅವರು ಹೋದ ಮೇಲೆ ಈ ಓದು ಬಲ್ಲವರು ಶಾಲೆಯಲ್ಲಿ ಮೇಷ್ಟ್ರೊಬ್ಬರೇ ಉಳಿದಿದ್ದರು. ಅದನ್ನು ಯಾರೂ ಕೇಳುತ್ತಲೂ ಇರಲಿಲ್ಲ.

ಮೊದಲು ಹೊಳೆಯನ್ನು ನೋಡಿದರು. ಗೇರಣ್ಣನ ಬೆರಳು ದೀಪದಿಂದ ಬಾಲದವರೆಗೆ ಒಂದೇ ಎಳೆಯಾಗಿ, ಎಲ್ಲಿಯೂ ಕಡಿಯದೆ ಓಡಿತ್ತು. ಬೇರೆ ಮೂರು ನಾಲ್ಕು ಗುರುತುಗಳೂ ಇದ್ದವು. ಮೇಷ್ಟ್ರ ಮುಖ ಸಡಿಲವಾಯಿತು. ಬಟ್ಟೆಯನ್ನು ಹೆಗಲಿಂದ ತೆಗೆದು ಕೈಗೆ ಸುತ್ತಿಕೊಂಡರು. ಬಾಲದಿಂದ ಒರೆಸುತ್ತ ಬರೋಣವೆಂದು ಬಗ್ಗಿದವರಿಗೆ, ತಗ್ಗಿದ ಬೆಳಕಿನಲ್ಲಿ, ಹಿಂದಿನ ಬಾಗಿಲ ಮೇಲೆ ಚಾವಣಿಯ ಅಂಚು ಮಸುಕಾಗಿ ಕಂಡಿತು.

ಬಣ್ಣ ಕೆಟ್ಟಿತೇನೋ ಎಂದುಕೊಂಡು ಹತ್ತಿರ ಹೋದರು. ಬಣ್ಣವಲ್ಲ, ಕೈಗಳು. ಒಂದರ ಮೇಲೊಂದು ಬಿದ್ದು ಹೊಗೆಯಂತಾದ ಅಂಗೈಗಳು. ಎಲ್ಲವೂ ಒಂದೇ ಬಗೆ: ಅಂಗೈ ಅಂಚಿನ ಮೇಲೆ, ನಾಲ್ಕು ಬೆರಳು ಅಂಚನ್ನು ದಾಟಿ ಕಪ್ಪು ಗಾಜಿನತ್ತ ಬಾಗಿವೆ. ಆ ಬದಿಗೆ ಹೋಗಿ ನೋಡಿದರು, ಅಲ್ಲಿಯೂ ಹಾಗೆಯೇ. ಇಪ್ಪತ್ತಾರರವರೆಗೆ ಬಿಡಿಸಿಕೊಂಡು, ಮುಂದೆ ಬಿಡಿಸಲಾಗದೆ ಬಿಟ್ಟರು. ಮುಂದಿನ ಬಾಗಿಲ ಮೇಲೆ ಇಂಥದೊಂದೂ ಇರಲಿಲ್ಲ. ಪಕ್ಕದಲ್ಲಿದ್ದ ಹಳೆಯ ಕಾರಿನ ಹಿಂದಿನ ಬಾಗಿಲ ಮೇಲೂ ಇರಲಿಲ್ಲ.

ಇದೇನೆಂದು ಅವರಿಗೆ ತಿಳಿಯಲಿಲ್ಲ. ಮೂವತ್ತೊಂದು ವರ್ಷದಲ್ಲಿ ಇಂಥ ಬರಹವನ್ನು ಕಂಡಿರಲಿಲ್ಲ. ಓದಲು ಬಾರದ ಅಕ್ಷರವನ್ನು ಮಗು ತಿದ್ದಿ ನೋಡುವಂತೆ, ತಮ್ಮ ಅಂಗೈಯನ್ನು ಒಂದು ಗುರುತಿನ ಮೇಲೆ ಹಾಗೆಯೇ ಇಟ್ಟುನೋಡಿದರು.

ಕೈಗೆ ಅರ್ಥವಾಯಿತು. ಪ್ರತಿ ಗುರುವಾರ ಅದು ಮಾಡುತ್ತಿದ್ದ ಕೆಲಸವೇ ಅದಾಗಿತ್ತು.

ಗುರುವಾರ ಬೆಳಿಗ್ಗೆ ಹೆಂಡತಿಯ ತಾಯಿಯನ್ನು ಮಂಡಿಯ ವ್ಯಾಯಾಮಕ್ಕೆಂದು ಆಸ್ಪತ್ರೆಗೆ ಕರೆದೊಯ್ಯುವುದು ಮೇಷ್ಟ್ರ ಪಾಲಿನ ಕೆಲಸ. ಅತ್ತೆಗೆ ಎಂಬತ್ತೊಂದು, ಕತ್ತು ಬಗ್ಗದು, ನಾಲಗೆಗೆ ಮಾತ್ರ ಯಾವ ನೋವೂ ಇಲ್ಲ. ಆಕೆ ಮನೆಯ ಹಳೆಯ ಕಾರಿನ ಹಿಂದಿನ ಸೀಟಿಗೆ ಮೊದಲು ಬೆನ್ನು ಕೊಟ್ಟು, ಆಮೇಲೆ ತಲೆಯನ್ನು ಒಳಗೆ ತರುವಾಗ, ಮೇಲಿನ ಅಂಚು ಬಡಿಯದಿರಲೆಂದು ಮೇಷ್ಟ್ರ ಅಂಗೈ ತಾನಾಗಿಯೇ ಅಲ್ಲಿ ಹೋಗಿ ಕೂರುತ್ತಿತ್ತು. ಹೋದ ವರ್ಷ ಮೊಬೈಲಿನಲ್ಲಿ ಹೊಸ ಕಾರಿನ ಚಿತ್ರವನ್ನು ಆಕೆಗೆ ತೋರಿಸಿದ್ದರು. ಆಕೆ ಕನ್ನಡಕ ಹಾಕಿಕೊಂಡು ನೋಡಿ, "ಚೆಂದಾಗಿದೆ ಅಳಿಯಂದಿರೇ. ಇದರೊಳಗೆ ತಲೆ ತಗೊಂಡು ಬರಬೇಕೋ, ಮನೇಲೇ ಇಟ್ಟು ಬರಬೇಕೋ?" ಎಂದಿದ್ದರು. ಒಳಮನೆಯಿಂದ ಹೆಂಡತಿ, "ಅಮ್ಮಾ, ಸುಮ್ನಿರೇ," ಎಂದಿದ್ದಳು. ಮೂವರೂ ನಕ್ಕಿದ್ದರು. ಅಲ್ಲಿಗೆ ಅದು ಮುಗಿದಿತ್ತು.

ಮುಗಿದಿರಲಿಲ್ಲ. ಸಂಗಮ ಇನ್ನೂ ಸೊಗಸಾಗಲೆಂದು ಮೇಷ್ಟ್ರು ಚಾವಣಿಯ ಹಿಂಭಾಗವನ್ನು ಒಂದು ವಾರ ಅರ್ಧ ಬೆರಳು, ಮತ್ತೊಂದು ವಾರ ಅರ್ಧ ಬೆರಳು ಎಂದು ಇಳಿಸುತ್ತ ಬಂದಿದ್ದರು. ಪ್ರತಿ ಸಲವೂ ಎಂಜಿನಿಯರುಗಳು ಪಟ್ಟಿ ನೋಡಿ, ಹಿಂದೆ ಕುಳಿತವರ ತಲೆಗೆ ಜಾಗವಿದೆಯೆಂದು ಒಪ್ಪಿಗೆ ಕೊಟ್ಟಿದ್ದರು. ಜಾಗವೇನೋ ಇತ್ತು, ಕುಳಿತವರಿಗೆ. ಕೂರಲು ಹೋಗುವವರ ತಲೆಯನ್ನು ಅಳೆಯುವ ಸಾಲು ಆ ಪಟ್ಟಿಯಲ್ಲಿ ಇರಲಿಲ್ಲ. ಮಣ್ಣಿನ ಕಾರಿಗೆ ಬಾಗಿಲು ತೆರೆಯುವುದಿಲ್ಲ. ಹದಿನಾಲ್ಕು ತಿಂಗಳು ಎಲ್ಲರೂ ಅದನ್ನು ಹೊರಗೆ ನಿಂತೇ ನೋಡಿದ್ದರು. ಒಳಗೆ ಹೋಗುವ ಮಾತು ಯಾರಿಗೂ ಹೊಳೆದಿರಲಿಲ್ಲ.

ಬಟ್ಟೆ ಕೈಗೆ ಸುತ್ತಿಕೊಂಡೇ ಇತ್ತು. ಎರಡು ಸಲ ಎಳೆದರೆ ಸಾಕು, ಅಂಚು ಮತ್ತೆ ಕನ್ನಡಿಯಾಗುತ್ತಿತ್ತು. ಗಡಿಯಾರದಲ್ಲಿ ಐದು ಹೊಡೆಯಲು ಹತ್ತು ನಿಮಿಷ.

ಬಾಗಿಲು ಕಿರುಗುಟ್ಟಿತು. ಸಂಘದವರೊಡನೆ ಕಾರ್ಖಾನೆ ಸುತ್ತಿಬಂದ ಗೇರಣ್ಣ ತಲೆ ಹಾಕಿದರು.

"ಕ್ಷಮಿಸಿ, ಇಲ್ಲೆಲ್ಲಾದ್ರೂ ನನ್ನ ಟೋಪಿ... ಅರೆ, ಇದೇನ್ರೀ, ಕತ್ತಲಲ್ಲಿ ಕಾರಿಗೆ ಜ್ವರ ನೋಡ್ತಿದ್ದೀರಾ?"

"ಟೋಪಿ ಆ ಕುರ್ಚಿ ಮೇಲಿದೆ. ಸ್ವಲ್ಪ ಇಲ್ಲಿ ಬನ್ನಿ ಸರ್. ಇಲ್ಲಿ ಕೈ ಯಾಕಿಟ್ರಿ?"

"ಎಲ್ಲಿ? ನಾನಿಟ್ಟಿಲ್ಲಪ್ಪ." ಗೇರಣ್ಣ ಬಗ್ಗಿ ನೋಡಿದರು. ತಮ್ಮ ಕೈಯನ್ನೂ ನೋಡಿಕೊಂಡರು. ಉಂಗುರದ ಗುರುತು ಅಲ್ಲಿ ಸ್ಪಷ್ಟವಾಗಿ ಬಿದ್ದಿತ್ತು. "ಓ... ಅದಾ. ಏನಿಲ್ಲ, ನಮ್ಮಮ್ಮನ್ನ ಕೂರಿಸೋ ಅಭ್ಯಾಸ. ತಗ್ಗಾಯ್ತೇನೋ ಅನ್ನಿಸ್ತು, ಕೈ ಹೋಯ್ತು."

"ಹೇಳಬಹುದಿತ್ತಲ್ಲ?"

"ನೀವು ಕಾರಿನ ವಿಷಯ ಮಾತಾಡೋಕೆ ಕರೆದಿದ್ರಿ. ಅಲ್ಲಿ ಅಷ್ಟು ಜನರ ನಡುವೆ ನಮ್ಮಮ್ಮನ ವಿಷಯ ಎತ್ತಲಾ? ಆ ಡಾಕ್ಟ್ರು ಬಿಡ್ತಿದ್ರಾ ನನ್ನ?"

"ಡಾಕ್ಟ್ರ ಕೈಯೂ ಇಲ್ಲೇ ಎಲ್ಲೋ ಇದೆ ಸರ್."

ಗೇರಣ್ಣ ನಗಲು ಹೊರಟು ನಿಲ್ಲಿಸಿದರು.

"ಕೊಳ್ತೀರಾ ಇದನ್ನ?" ಎಂದು ಮೇಷ್ಟ್ರು ಕೇಳಿದರು.

"ಹೊಗಳ್ತೀನಿ. ಆ ಗೆರೆ ಬಗ್ಗೆ ಒಂದು ಪುಟ ಬರೀತೀನಿ, ದೇವರಾಣೆಗೂ." ಟೋಪಿಯನ್ನು ತಲೆಗಿಟ್ಟುಕೊಂಡರು. "ಕೊಳ್ಳೋದು... ಹಳೇದೇ ಇನ್ನೊಂದಷ್ಟು ವರ್ಷ ಓಡತ್ತೆ ಬಿಡಿ."

ಅವರು ಹೋದ ಮೇಲೆ ಮೇಷ್ಟ್ರು ಸ್ಟೂಲು ಎಳೆದುಕೊಂಡು ಕುಳಿತರು. ಚಾವಣಿಯ ಅಂಚು ಎರಡು ಬೆರಳು ಮೇಲೆದ್ದರೆ ಸಾಕು, ತಲೆಗಳು ಒಳಹೋಗುತ್ತವೆ. ಆದರೆ ಅಂಚು ಎದ್ದರೆ ಹಿಂದಿನ ಇಳಿಜಾರು ಏಳುತ್ತದೆ. ಇಳಿಜಾರು ಎದ್ದರೆ ಸಂಗಮ ಇಲ್ಲ. ಸಂಗಮ ಇಲ್ಲದ ಹೊಳೆಯನ್ನು ಹಿಂಚಕ್ರದ ಮೇಲೆ ಎಲ್ಲೋ ಕಡಿದು ನಿಲ್ಲಿಸಬೇಕು. ಕಡಿದ ಗೆರೆಯನ್ನು ಉಳಿಸುವುದಕ್ಕಿಂತ ಕೆರೆದು ತೆಗೆಯುವುದೇ ವಾಸಿ. ಇದನ್ನೆಲ್ಲ ಯೋಚಿಸಲು ಅವರಿಗೆ ಅರೆಗಳಿಗೆಯೂ ಹಿಡಿಯಲಿಲ್ಲ. ಎದ್ದು ಗೋಡೆಯ ಫೋನಿನವರೆಗೆ ನಡೆಯಲು ಮಾತ್ರ ಬಹಳ ಹೊತ್ತು ಹಿಡಿಯಿತು.

ಮುಖ್ಯಸ್ಥೆ ಸಹಿ ಮಾಡಬೇಕಾದ ಕಾಗದವನ್ನು ಕೈಯಲ್ಲಿ ಹಿಡಿದುಕೊಂಡೇ ಬಂದಳು. ಮೇಷ್ಟ್ರು ಏನನ್ನೂ ವಿವರಿಸದೆ ದೀಪವನ್ನು ಇನ್ನಷ್ಟು ತಗ್ಗಿಸಿದರು. ಅವಳು ಒಂದು ಬದಿಯನ್ನು ನೋಡಿದಳು, ಇನ್ನೊಂದು ಬದಿಗೆ ಹೋದಳು, ಕೊನೆಗೆ ತಾನೂ ಕೈಯಿಟ್ಟಳು. ತಟ್ಟನೆ ತೆಗೆದಳು.

"ನಾನು ಮಗೂನ ಸೀಟಿಗೆ ಕಟ್ಟೋವಾಗ..." ಎಂದು ಅರ್ಧಕ್ಕೆ ಬಿಟ್ಟಳು. ಅಂಚಿನಿಂದ ಕಣ್ಣು ತೆಗೆಯದೆ, "ಎಷ್ಟು ಬೇಕು?" ಎಂದಳು.

"ಎರಡು ಬೆರಳು."

"ಎರಡು ಬೆರಳಿಗೆ ಹೊಳೆ..."

"ಗೊತ್ತು."

"ಮೇಲಿನೋರು ಕೂಗಾಡ್ತಾರೆ. ಹನ್ನೊಂದೇ ದಿನ ಇರೋದು." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವೊಂದೇ. "ಮೇಷ್ಟ್ರೇ, ನೀವು ಸುಮ್ನೆ ಒರೆಸಿ ಮನೆಗೆ ಹೋಗಿದ್ರೆ..."

"ಬಟ್ಟೆ ಕೈಯಲ್ಲೇ ಇತ್ತಮ್ಮ," ಎಂದರು ಮೇಷ್ಟ್ರು. "ಒರೆಸೋದಕ್ಕೇ ಬಂದಿದ್ದೆ."

ಅವಳು ಕಾಗದವನ್ನು ನಾಲ್ಕಾಗಿ ಮಡಚಿ ಜೇಬಿಗೆ ಹಾಕಿಕೊಂಡಳು. "ನಾಳೆಯಿಂದ ಹುಡುಗರಿಗೆ ಹೇಳ್ತೀನಿ. ನೀವು ಬೇಡ."

"ನಾಳೆ ಗುರುವಾರ, ನಾನು ಬರೋದು ತಡ. ಇವತ್ತೇ ಶುರು ಮಾಡೋಣ. ಆ ಗೆರೆ ಮೇಲೆ ಬೇರೆಯವರ ಉಳಿ ಬೀಳೋದು ಬೇಡ."

ಮಣ್ಣಿನ ಕೋಣೆಯಲ್ಲಿ ಮೂಲ ಮಾದರಿ ತನ್ನ ಕಂದು ಮೈಯಲ್ಲಿ ಹಾಗೆಯೇ ನಿಂತಿತ್ತು. ಮೇಷ್ಟ್ರು ಮನೆಗೆ ಫೋನು ಮಾಡಿ ತಡವಾಗುತ್ತದೆಂದರು. "ಏನ್ರೀ, ಇಷ್ಟ ಆಯ್ತಂತಾ ಜನಕ್ಕೆ?" ಎಂದು ಹೆಂಡತಿ ಕೇಳಿದಳು. "ಆಯ್ತಂತೆ," ಎಂದರು. ಒಲೆಯನ್ನು ಹಚ್ಚಿ, ಬಾಗಿದ ಅಲಗಿನ ಉಳಿಯನ್ನು ಆರಿಸಿಕೊಂಡು, ಬಾಲದ ಕಡೆಯಿಂದ ಕೆರೆಯತೊಡಗಿದರು. ಮಣ್ಣು ಸುರುಳಿ ಸುರುಳಿಯಾಗಿ ಎದ್ದು ಪಾದದ ಬಳಿ ಬಿತ್ತು. ಹದಿನಾಲ್ಕು ತಿಂಗಳ ಹೊಳೆ ಮುಂದಿನ ದೀಪದವರೆಗೂ ಬತ್ತಲು ಮುಕ್ಕಾಲು ಗಂಟೆ ಸಾಕಾಯಿತು. ಮುಖ್ಯಸ್ಥೆ ಅಂಗಿಯ ತೋಳನ್ನು ಮೇಲಕ್ಕೆ ಮಡಚಿಕೊಂಡು ಸುರುಳಿಗಳನ್ನು ಬಾಚಿ ಒಲೆಗೆ ಹಾಕುತ್ತಿದ್ದಳು, ಹದಿನಾರು ವರ್ಷದ ಹಿಂದೆ ಹಾಕುತ್ತಿದ್ದಂತೆಯೇ. ಬೆಚ್ಚಗಾದ ಅದೇ ಮಣ್ಣನ್ನು ಮೇಷ್ಟ್ರು ಹಿಡಿಹಿಡಿಯಾಗಿ ತೆಗೆದು ಚಾವಣಿಯ ಅಂಚಿಗೆ ಮೆತ್ತಿ ಹೆಬ್ಬೆರಳಿನಿಂದ ಒತ್ತಿದರು.

"ಸಾಕಾ?" ಎಂದಳು.

ಮೇಷ್ಟ್ರು ಉಳಿಯನ್ನು ಕೆಳಗಿಟ್ಟು ಹಿಂದಿನ ಬಾಗಿಲಿನ ಗೀರಿಗೆ ಬೆನ್ನು ಮಾಡಿ ನಿಂತರು. ಕತ್ತನ್ನು ಬಗ್ಗಿಸದೆ, ಒಂದು ಕೈಯನ್ನು ಮೊಣಕಾಲಿಗೆ ಊರಿ, ಒಳಗೆ ಹೋಗಲಾಗದ ಆ ಕಾರಿನೊಳಕ್ಕೆ ಹೋಗುವವರಂತೆ ಮೆಲ್ಲಗೆ ಹಿಂದಕ್ಕೆ ಕುಸಿದರು. ಅವಳ ಅಂಗೈ ತಾನಾಗಿಯೇ ಬಂದು ಅವರ ತಲೆಗೂ ಹಸಿಮಣ್ಣಿನ ಅಂಚಿಗೂ ನಡುವೆ ನಿಂತಿತು. ನರೆಗೂದಲು ಅದಕ್ಕೆ ತಾಗಿತು.

"ಇನ್ನರ್ಧ ಬೆರಳು," ಎಂದರು ಮೇಷ್ಟ್ರು.